ಒಂದೇ ದಿನದಲ್ಲಿ ಯಾವ ಯಾವ ಗುಡಿ?

ಪ್ರಶ್ನೆ: ಹುಟ್ಟೂರು ಮಂಡ್ಯ. ಬೇಸಿಗೆ ರಜೆಗೆ ಬಂದಾಗ ಮಕ್ಕಳಿಗೆ ಸುತ್ತಲಿನ ಹಳೆಯ ಗುಡಿಗಳನ್ನು ಕಾರಿನಲ್ಲಿ ಒಂದೇ ದಿನ ತೋರಿಸಬಹುದೇ?

ಉತ್ತರ: ತೋರಿಸಬಹುದು, ಆದರೆ ಸೋಮನಾಥಪುರವನ್ನು ಇದರಲ್ಲಿ ತುರುಕಬೇಡಿ. ಅದು ಬೇರೆ ದಿಕ್ಕು, ಶ್ರೀರಂಗಪಟ್ಟಣದ ಜೊತೆ ಇನ್ನೊಂದು ದಿನಕ್ಕಿರಲಿ. ಬೆಳಿಗ್ಗೆ 6ಕ್ಕೆ ಹೊರಟು ಪಾಂಡವಪುರದ ಮೇಲೆ ಮೊದಲು ಮೇಲುಕೋಟೆಗೆ ಹೋಗಿ. ಹೊತ್ತೇರಿದರೆ ಯೋಗಾನರಸಿಂಹನ ಬೆಟ್ಟದ ಮೆಟ್ಟಿಲು ಬರಿಗಾಲನ್ನು ಸುಡುತ್ತವೆ. ದಪ್ಪ ಕಾಲುಚೀಲ ಜೊತೆಗಿರಲಿ. ಮಧ್ಯಾಹ್ನ ಚೆಲುವನಾರಾಯಣನ ಗುಡಿ ಬಾಗಿಲು ಹಾಕುತ್ತದೆ, ಹಾಗಾಗಿ ದರ್ಶನ ಮೊದಲೇ ಮುಗಿಸಿಕೊಳ್ಳಿ. ಆಮೇಲೆ ಕೆ.ಆರ್. ಪೇಟೆ ಪಕ್ಕದ ಹೊಸಹೊಳಲು: ಅಲ್ಲಿನ ಗುಡಿಯ ಹೊರಗೋಡೆಯ ರಾಮಾಯಣ, ಮಹಾಭಾರತದ ಪಟ್ಟಿಕೆಗಳಿಗೆ (ಸಾಲು ಕೆತ್ತನೆಗಳಿಗೆ) ಒಂದು ಗಂಟೆಯಾದರೂ ಬೇಕು. ಕೊನೆಗೆ ಕಿಕ್ಕೇರಿಯ ಬ್ರಹ್ಮೇಶ್ವರ (1171), ಐದು ಗರ್ಭಗುಡಿಗಳ ಗೋವಿಂದನಹಳ್ಳಿ. ಬೀಗ ಹಾಕಿದ್ದರೆ ಊರಲ್ಲಿ ವಿಚಾರಿಸಿ. ಟೈರಿನ ಗಾಳಿಯನ್ನು ಹೊರಡುವ ಮುನ್ನ, ಟೈರು ತಣ್ಣಗಿದ್ದಾಗಲೇ ನೋಡಿಸಿ. ಓಡಿ ಬಿಸಿಯಾದ ಮೇಲೆ ಅಳತೆ ಹೆಚ್ಚೇ ತೋರಿಸುತ್ತದೆ.