ಕೊಡಗಿನ ಮಳೆಗಾಲದ ರೆಸ್ಕ್ಯೂ ತಂಡಕ್ಕೆ 'ಟ್ಯಾಕ್ಟಿಕಲ್' ಗೇರ್ ತಗೋಬಹುದಾ?

ನಿಮ್ಮ ಪ್ರಶ್ನೆ ಇಷ್ಟು: ಮಾದಾಪುರ ಕಡೆ ನೀವು ಹುಡುಗ್ರು ಸೇರಿ ಮಳೆಗಾಲಕ್ಕೆ ಅಂತ ಒಂದು ರೆಸ್ಕ್ಯೂ ತಂಡ ಮಾಡ್ಕೊಂಡಿದ್ದೀರಿ, ಊರವರು ಒಂದಿಷ್ಟು ದುಡ್ಡು ಹಾಕಿದ್ದಾರೆ, ಮಿಲಿಟರಿ ಗೇರ್ ಸುದ್ದಿ ಎಲ್ಲ ಫಾಲೋ ಮಾಡ್ತೀರಿ, ಡಿಆರ್‌ಡಿಒ ಹೊಸ ಜಾಕೆಟ್ಟು, ಅಮೆರಿಕದ ಹೊಸ ಸ್ಟ್ಯಾಂಡರ್ಡು, ಇದನ್ನೆಲ್ಲ ನೋಡಿ ನಮ್ಮ ತಂಡಕ್ಕೆ ಏನು ತಗೊಳ್ಳೋದು, ಆನ್‌ಲೈನಲ್ಲಿ 'ಟ್ಯಾಕ್ಟಿಕಲ್', ಅಂದ್ರೆ ಮಿಲಿಟರಿ ಸ್ಟೈಲಿಂದು, ಅಂತ ಬರೋ ವೆಸ್ಟು ಹೆಲ್ಮೆಟ್ಟು ಬೂಟು ನಂಬಬಹುದಾ ಅಂತ.

ನಾನು ಸರ್ವಿಸಲ್ಲಿ ಇದ್ದಷ್ಟು ದಿನ ಆರ್ಮಿಯ ಆರ್ಡ್‌ನೆನ್ಸ್ ಸ್ಟೋರ್, ಅಂದ್ರೆ ಸಾಮಾನಿನ ಉಗ್ರಾಣದ ಕಡೆಯವನು, ಗುಂಡು ಹೊಡೆದಿದ್ದಕ್ಕಿಂತ ಸಾಮಾನು ಎಣಿಸಿದ್ದೇ ಜಾಸ್ತಿ. ಈಗ ಸೋಮವಾರಪೇಟೆ ಹತ್ರ ತೋಟ ನೋಡ್ಕೊಂಡಿದ್ದೀನಿ, ನಮ್ಮ ಕಡೆ ಹುಡುಗ್ರ ತಂಡದ ಸಾಮಾನು ಕೂಡ ನಾನೇ ಇಟ್ಕೊಂಡಿರೋದು. ಹಾಗಾಗಿ ಸ್ಟೋರ್ ಕೀಪರ್ ಕಣ್ಣಲ್ಲೇ ಉತ್ತರ ಹೇಳ್ತೀನಿ. ಗೇರ್ ಸುದ್ದಿ ಬರೆಯೋರು ಎಲ್ಲಾನೂ ಗುಂಡಿನ ಲೆಕ್ಕದಲ್ಲಿ ಬರೀತಾರೆ, ಎಷ್ಟು ಗುಂಡು ತಡೀತು, ಎಷ್ಟು ಕೆಜಿ ಇಳೀತು ಅಂತ. ನಮ್ಮೂರಲ್ಲಿ ಸಾಮಾನು ತಿನ್ನೋದು ಗುಂಡಲ್ಲ, ತಂಡಿ, ಅಂದ್ರೆ ತೇವ. ಜೋರು ಮಳೆಯ ಕಕ್ಕಡ ತಿಂಗಳಲ್ಲಿ ಬೀರು ಒಳಗಿನ ಬೆಲ್ಟಿಗೇ ಬೂಷ್ಟು ಬರುತ್ತೆ, ಇನ್ನು ಅಟ್ಟದ ಮೇಲೆ ಪ್ಲಾಸ್ಟಿಕ್ ಕವರಲ್ಲಿ ಕಟ್ಟಿಟ್ಟ ಗೇರ್ ಕಥೆ ಕೇಳೋದೇ ಬೇಡ.

ಇದು ನಮ್ಮೂರಿನ ಗೋಳು ಮಾತ್ರ ಅಂದ್ಕೋಬೇಡಿ, ಈ ಇಂಡಸ್ಟ್ರಿಯ ಅತಿ ದೊಡ್ಡ ಹಗರಣನೇ ತೇವದಿಂದ ಆಗಿದ್ದು. ಜೈಲಾನ್ ಅಂತ ಒಂದು ನಾರು, ಜಪಾನಿನ ಟೊಯೋಬೊ ಕಂಪನಿದು, ಬುಲೆಟ್‌ಪ್ರೂಫ್ ಜಾಕೆಟಿಗೆ ಹಾಕೋ ಕೆವ್ಲಾರ್ ನಾರಿಗಿಂತ ಗಟ್ಟಿ ಮತ್ತೆ ಹಗುರ ಅಂತ ಅಮೆರಿಕದಲ್ಲಿ ಸೆಕೆಂಡ್ ಚಾನ್ಸ್ ಅನ್ನೋ ಕಂಪನಿ ಅದರಲ್ಲಿ ಪೊಲೀಸರಿಗೆ ಬುಲೆಟ್‌ಪ್ರೂಫ್ ವೆಸ್ಟ್ ಮಾಡಿ ಮಾರಿತು, ಎಲ್ಲರಿಗೂ ಖುಷಿ, ತೆಳ್ಳಗಿದೆ ಬೆವರಲ್ಲ ಅಂತ. 2003ರಲ್ಲಿ ಪೆನ್ಸಿಲ್ವೇನಿಯಾದಲ್ಲಿ ಒಬ್ಬ ಪೊಲೀಸ್ ಆಫೀಸರ್‌ಗೆ ಗುಂಡು ಬಿತ್ತು, ಆ ವೆಸ್ಟ್ ತಡೀಬೇಕಾಗಿದ್ದ ಗುಂಡೇ ಅದು, ಆದ್ರೆ ಸೀದಾ ತೂರಿಕೊಂಡು ಹೋಯ್ತು. ಟೆಸ್ಟ್ ಮಾಡಿ ನೋಡಿದ್ರೆ ಬಿಸಿ, ಬೆವರು, ತೇವಾಂಶ, ಬೆಳಕು ಇವೆಲ್ಲ ಸೇರಿ ಆ ನಾರು ಒಳಗೊಳಗೇ ಬಲ ಕಳ್ಕೊಂಡಿತ್ತು, ಹೊರಗಿಂದ ನೋಡೋಕೆ ಹೊಸದರ ಹಾಗೇ. 2005ರ ಆಗಸ್ಟಲ್ಲಿ ಎನ್‌ಐಜೆ, ಅಂದ್ರೆ ಅಲ್ಲಿನ ಪೊಲೀಸ್ ವೆಸ್ಟುಗಳಿಗೆ ಸರ್ಟಿಫಿಕೇಟ್ ಕೊಡೋ ಸರ್ಕಾರಿ ಸಂಸ್ಥೆ, ಜೈಲಾನ್ ಇರೋ ವೆಸ್ಟುಗಳನ್ನ ಒಪ್ಪೋದೇ ನಿಲ್ಲಿಸ್ತು. ಆಮೇಲೆ 2008ರ ಸ್ಟ್ಯಾಂಡರ್ಡಲ್ಲಿ ಒಂದು ಹೊಸ ಪರೀಕ್ಷೆ ಸೇರಿಸಿದ್ರು: ಮೆತ್ತಗಿನ ವೆಸ್ಟನ್ನ 65 ಡಿಗ್ರಿ ಬಿಸಿ, 80 ಪರ್ಸೆಂಟ್ ತೇವಾಂಶದ ಡ್ರಮ್ಮಲ್ಲಿ 10 ದಿನ ಹಾಕಿ 72,000 ಸುತ್ತು ಉರುಳಿಸೋದು, ಆಮೇಲೆ ಗುಂಡು ಹೊಡೆಯೋದು. ನನಗೆ ಕೇಳಿದ್ರೆ ಇಡೀ ಗೇರ್ ಇಂಡಸ್ಟ್ರಿ ಸುದ್ದಿಯಲ್ಲಿ ಕೊಡಗಿನವರು ಓದಬೇಕಾಗಿದ್ದು ಈ ಒಂದು ಸಾಲು. ಆನ್‌ಲೈನಲ್ಲಿ ಬರೋ ಹೆಸರಿಲ್ಲದ 'ಲೆವೆಲ್ ಮೂರು' (ಲೆವೆಲ್ ಅಂದ್ರೆ ಎಂಥ ಗುಂಡು ತಡೆಯುತ್ತೆ ಅನ್ನೋ ದರ್ಜೆ) ವೆಸ್ಟಿಗೆ ಈ ಪರೀಕ್ಷೆ ಯಾರು ಮಾಡಿರ್ತಾರೆ ಹೇಳಿ.

ನೀವು ಕೇಳಿದ ಅಮೆರಿಕದ ಹೊಸ ಸ್ಟ್ಯಾಂಡರ್ಡ್ 0101.07, 2023ರ ಕೊನೆಗೆ ಬಂದಿದ್ದು, ಅದರಲ್ಲಿ ಹೆಸರೆಲ್ಲ ಬದಲಾಗಿದೆ, ಪಿಸ್ತೂಲಿಗೆ ಎಚ್‌ಜಿ, ರೈಫಲ್ಲಿಗೆ ಆರ್‌ಎಫ್ ಅಂತ ಬರುತ್ತೆ, ಹಳೇ ಲೆವೆಲ್ ನಾಲ್ಕು ಈಗ ಆರ್‌ಎಫ್3. ನಮ್ಮ ದೇಶದ್ದು ಬೇರೆ, ಬಿಐಎಸ್, ಅಂದ್ರೆ ಭಾರತೀಯ ಮಾನಕ ಬ್ಯೂರೋದವರ ಐಎಸ್ 17051, 2018ರದ್ದು. ಅದೇ ವರ್ಷ ಆರ್ಮಿಗೆ 1,86,138 ಬುಲೆಟ್‌ಪ್ರೂಫ್ ಜಾಕೆಟ್ 639 ಕೋಟಿಗೆ ಆರ್ಡರ್ ಆಯ್ತಲ್ಲ, ಅದಕ್ಕೆ ಮುಂಚೆ ವರ್ಷಗಟ್ಟಲೆ ಫೈಲು ಓಡಾಡಿದ್ದನ್ನ ನೋಡಿದವರಿಗೆ ಅದು ನಿಜವಾಗ್ಲೂ ದೊಡ್ಡ ಸುದ್ದಿ. ನೀವು ಹೇಳಿದ ಡಿಆರ್‌ಡಿಒ ಜಾಕೆಟ್ಟು ಎರಡಿದೆ, ಕಾನ್ಪುರದ ಲ್ಯಾಬಿನವರು 2024ರ ಏಪ್ರಿಲಲ್ಲಿ ತೋರಿಸಿದ್ದು ಒಂದು, ಬಿಐಎಸ್‌ನ ಲೆವೆಲ್ 6ರ ಗುಂಡು ಆರು ಹೊಡೆದ್ರೂ ಮುಂದಿನ ಪ್ಲೇಟು ತಡೀತು ಅಂತ, ಇನ್ನೊಂದು ಐಐಟಿ ದೆಹಲಿ ಜೊತೆ ಮಾಡಿದ 'ಅಭೇದ್', ಅದೇ ವರ್ಷ ಸೆಪ್ಟೆಂಬರಲ್ಲಿ ಬಂದಿದ್ದು, ಹಗುರದ ಮಾಡೆಲ್ಲು 8.2 ಕೆಜಿ. ಗಡಿಯಲ್ಲಿ ಇರೋರಿಗೆ ಇದು ಬಹಳ ದೊಡ್ಡ ವಿಷಯ, ಎದೆ ಮೇಲೆ ಒಂದು ಕೆಜಿ ಕಮ್ಮಿ ಆದ್ರೂ ಸಂಜೆ ಹೊತ್ತಿಗೆ ಸೊಂಟಕ್ಕೆ ಗೊತ್ತಾಗುತ್ತೆ. ಆದ್ರೆ ನಿಮ್ಮ ತಂಡ ಹೋಗೋದು ಹಟ್ಟಿಹೊಳೆ ಕಡೆ ನೀರು ಏರಿದಾಗ. ಅಲ್ಲಿ 8 ಕೆಜಿ ಜಾಕೆಟ್ ಹಾಕ್ಕೊಂಡು ಕಾಲು ಜಾರಿದ್ರೆ ಯಾವ ಸ್ಟ್ಯಾಂಡರ್ಡೂ ಬಂದು ಎತ್ತಲ್ಲ. ಪ್ಲೇಟ್ ಕ್ಯಾರಿಯರ್, ಅಂದ್ರೆ ಪ್ಲೇಟ್ ತುರುಕೋ ಜಾಕೆಟ್ಟನ್ನ, ಖಾಲಿನೇ ಸ್ಟೈಲಿಗೆ ಹಾಕ್ಕೊಳ್ಳೋದು ಇನ್ನೂ ಕೆಟ್ಟದು, ನೀರು ಕುಡಿದು ಭಾರ ಆಗುತ್ತೆ, ಆ ಪಟ್ಟಿಗಳೆಲ್ಲ ಬೇಲಿಗೋ ಕೊಂಬೆಗೋ ಸಿಕ್ಕಿಹಾಕ್ಕೊಳ್ಳುತ್ತೆ. ವೆಸ್ಟ್ ಬೇಡ, ಅಲ್ಲಿಗೆ ಆ ಮಾತು ಮುಗೀತು.



ಈಗ ಬೇಕಾಗಿದ್ದಕ್ಕೆ ಬರೋಣ. ಮಳೆಗಾಲದಲ್ಲಿ ನಮ್ಮ ಕಡೆ ತಂಡಕ್ಕೆ ಬರೋ ಕೆಲಸದಲ್ಲಿ ಅರ್ಧಕ್ಕಿಂತ ಜಾಸ್ತಿ ಏನು ಗೊತ್ತಾ, ರೋಡಿಗೆ ಬಿದ್ದ ಮರ ಕಡಿಯೋದು. ಬರೆ, ಅಂದ್ರೆ ಗುಡ್ಡದ ಇಳಿಜಾರು, ಕುಸಿಯೋದು, ಹೊಳೆ ಉಕ್ಕೋದು ಆಮೇಲೆ. ರಾತ್ರಿ ಸಿಲ್ವರ್ ಓಕ್ ಮರ ಕರೆಂಟ್ ಲೈನ್ ಸಮೇತ ಅಡ್ಡ ಬಿದ್ದಿರುತ್ತೆ, ಯಾರೋ ತೋಟದಿಂದ ಚೈನ್ ಸಾ ತರ್ತಾರೆ, ಹಾಕ್ಕೊಂಡಿರೋದು ಬರ್ಮುಡಾ, ಕಾಲಿಗೆ ಹವಾಯಿ ಚಪ್ಪಲಿ. (ಲೈನ್ ಆಫ್ ಆಗಿದೆ ಅಂತ ಕರೆಂಟ್ ಆಫೀಸಿಂದ ಮಾತು ಬರೋವರೆಗೂ ಮರ ಮುಟ್ಟಬೇಡಿ, ಇದನ್ನ ಬರೀಲೇಬೇಕು.) ಹಾಗಾಗಿ ನಿಮ್ಮ ಮೊದಲ ದುಡ್ಡು ಚೈನ್ ಸಾ ಪ್ಯಾಂಟಿಗೆ ಅಥವಾ ಪ್ಯಾಂಟ್ ಮೇಲೆ ಕಟ್ಟೋ ಚಾಪ್ಸ್‌ಗೆ. ಇದು ಕೆಲಸ ಮಾಡೋ ರೀತಿನೇ ಬೇರೆ: ಒಳಗೆ ಪದರ ಪದರವಾಗಿ ಉದ್ದುದ್ದ ನಾರು ಸಡಿಲವಾಗಿ ತುಂಬಿರ್ತಾರೆ, ಚೈನು ಮೇಲಿನ ಬಟ್ಟೆ ಹರಿದ ತಕ್ಷಣ ಆ ನಾರೆಲ್ಲ ಎಳ್ಕೊಂಡು ಬಂದು ಚಕ್ರಕ್ಕೆ ಸುತ್ಕೊಂಡು ಸಾ ಜಾಮ್ ಆಗುತ್ತೆ. ಅಂದ್ರೆ ಕತ್ತರಿಸದ ಹಾಗೆ ತಡೆಯೋದಲ್ಲ, ಮೆಷಿನ್ನನ್ನೇ ನಿಲ್ಲಿಸೋದು. ಲೇಬಲಲ್ಲಿ ಐಎಸ್‌ಒ 11393 ಅಥವಾ ಹಳೇದಾದ್ರೆ ಇಎನ್ 381 (ಇಎನ್ ಅಂದ್ರೆ ಯುರೋಪಿನ ಸ್ಟ್ಯಾಂಡರ್ಡ್) ಅಂತ ಇರಬೇಕು, ಕ್ಲಾಸ್ 1 ಅಂದ್ರೆ ಸೆಕೆಂಡಿಗೆ 20 ಮೀಟರ್ ಓಡೋ ಚೈನಿಗೆ ಟೆಸ್ಟ್ ಆಗಿರೋದು, ಕ್ಲಾಸ್ 2 ಅಂದ್ರೆ 24. ಒಂದ್ಸಲ ಚೈನ್ ತಗುಲಿದ್ರೆ ಅದನ್ನ ಹೊಲಿಸಿ ಮತ್ತೆ ಹಾಕೋ ಹಾಗಿಲ್ಲ, ಕಂಡೆಮ್. ಬ್ಯಾಟರಿ, ಕರೆಂಟಿನ ಸಾ ಇದ್ರೆ ಇದನ್ನ ಪೂರ್ತಿ ನಂಬಬೇಡಿ, ಅವು ಜಾಮ್ ಆಗದೆ ನಾರನ್ನೂ ಎಳ್ಕೊಂಡು ತಿರುಗೋ ಚಾನ್ಸ್ ಇದೆ.

ಎರಡನೇದು ನೀರಿಂದು. ಜಾತ್ರೆ ಬೋಟಿಂಗಲ್ಲಿ ಕೊಡೋ ಕಿತ್ತಳೆ ಬಣ್ಣದ ತೆಳು ಜಾಕೆಟ್ ತಗೋಬೇಡಿ. ಲೇಬಲಲ್ಲಿ ನ್ಯೂಟನ್ ಲೆಕ್ಕ, ಅಂದ್ರೆ ಎಷ್ಟು ತೇಲಿಸುತ್ತೆ ಅನ್ನೋದನ್ನ ನೋಡಿ, 50 ಅಂತ ಇದ್ರೆ ಅದು ಈಜು ಬರೋನಿಗೆ ತೇಲೋಕೆ ಸಹಾಯ ಅಷ್ಟೇ, ಪ್ರಜ್ಞೆ ತಪ್ಪಿದವನನ್ನ ಮುಖ ಮೇಲೆ ಬರೋ ಹಾಗೆ ತಿರುಗಿಸಲ್ಲ. ಆ ಕೆಲಸಕ್ಕೆ 100, 150ರದ್ದು ಬೇಕು, ಅದನ್ನ ನೀವು ದಾಟಿಸೋ ಜನಕ್ಕೆ ಇಟ್ಕೊಳ್ಳಿ. ನೀರಿಗೆ ಇಳಿಯೋ ನಿಮ್ಮ ಹುಡುಗನಿಗೆ ರೆಸ್ಕ್ಯೂ ಪಿಎಫ್‌ಡಿ ಅಂತ ಬೇರೇನೇ ತೇಲೋ ಜಾಕೆಟ್ ಬರುತ್ತೆ, ಎದೆ ಸುತ್ತ ಒಂದು ಬೆಲ್ಟು, ಹಗ್ಗ ಬೆನ್ನ ಹಿಂದೆ, ಮುಂದೆ ಒಂದು ಗುಂಡಗಿರೋ ಹಿಡಿ, ಹಗ್ಗ ಎಲ್ಲಾದ್ರೂ ಸಿಕ್ಕಿ ನೀರು ಮುಳುಗಿಸೋಕೆ ಶುರು ಮಾಡಿದ್ರೆ ಆ ಹಿಡಿ ಎಳೆದ್ರೆ ಸಾಕು, ಬೆಲ್ಟೇ ಬಿಚ್ಕೊಂಡು ಹಗ್ಗದ ಸಮೇತ ಹೋಗುತ್ತೆ. ಸೊಂಟಕ್ಕೆ ಗಂಟು ಹಾಕ್ಕೊಂಡು ಇಳಿಯೋ ನಮ್ಮ ಪದ್ಧತಿ ಇದೆಯಲ್ಲ, ಅದು ಮನುಷ್ಯನನ್ನ ಕೊಲ್ಲುತ್ತೆ. ಬಾರಾಪೊಳೆಯಲ್ಲಿ ರಾಫ್ಟಿಂಗ್ ಮಾಡಿಸೋ ಹುಡುಗ್ರ ಹತ್ರ ಹೋಗಿ ಕೇಳಿ, ಮಳೆಗಾಲದ ನೀರಲ್ಲೇ ಕೆಲಸ ಮಾಡೋರು ಅವ್ರು, ಹಾಕ್ಕೊಂಡು ತೋರಿಸ್ತಾರೆ. ಸೈಜ್ ನೋಡೋದು ಸುಲಭ: ಎಲ್ಲಾ ಪಟ್ಟಿ ಬಿಗಿದ ಮೇಲೆ ಇನ್ನೊಬ್ಬ ಭುಜದ ಹತ್ರ ಹಿಡಿದು ಮೇಲಕ್ಕೆ ಎಳೀಲಿ, ಜಾಕೆಟ್ ಕಿವಿವರೆಗೂ ಬಂತು ಅಂದ್ರೆ ಅದು ನಿಮ್ಮ ಸೈಜ್ ಅಲ್ಲ.

ಹೆಲ್ಮೆಟ್ ವಿಷಯಕ್ಕೆ 'ಟ್ಯಾಕ್ಟಿಕಲ್ ಬಂಪ್ ಹೆಲ್ಮೆಟ್' ಅಂತ ಬರೋದ್ರಲ್ಲಿ ಸುಮಾರು ಬರೀ ಪ್ಲಾಸ್ಟಿಕ್ ಚಿಪ್ಪು, ಪಕ್ಕದಲ್ಲಿ ಸಾಮಾನು ಸಿಗಿಸೋ ಪಟ್ಟಿ, ಮುಂದೆ ನೈಟ್ ವಿಷನ್ ಸಿಗಿಸೋ ಜಾಗ, ಸ್ಟ್ಯಾಂಡರ್ಡ್ ನಂಬರ್ ಮಾತ್ರ ಎಲ್ಲೂ ಇರಲ್ಲ. ಗಲ್ಲದ ಪಟ್ಟಿ ನೋಡಿ ಹೆಲ್ಮೆಟ್ ಆರಿಸಬೇಕು ಅಂದ್ರೆ ನಗ್ತೀರಿ, ಆದ್ರೆ ಅದೇ ಸರಿ. ಕಟ್ಟಡದ ಕೆಲಸದ ಇಎನ್ 397 ಹೆಲ್ಮೆಟ್ಟಿನ ಪಟ್ಟಿ 150ರಿಂದ 250 ನ್ಯೂಟನ್ನಿಗೆ ತಾನಾಗೇ ಬಿಟ್ಕೋಬೇಕು, ಹೆಲ್ಮೆಟ್ ಎಲ್ಲೋ ಸಿಕ್ಕಿದ್ರೆ ಕುತ್ತಿಗೆ ಬಿಗೀಬಾರದು ಅಂತ. ಬೆಟ್ಟ ಹತ್ತೋರ ಇಎನ್ 12492ದು ಉಲ್ಟಾ, 500 ನ್ಯೂಟನ್ ಎಳೆದ್ರೂ ಬಿಡಬಾರದು, ಬೀಳೋವಾಗ ತಲೆ ಮೇಲೇ ಇರಬೇಕು ಅಂತ. ಬರೆ ಮೇಲೆ ಹಗ್ಗದಲ್ಲಿ ಇಳಿಯೋನಿಗೆ ಎರಡನೇದು, ಕೆಳಗೆ ಜೆಸಿಬಿ ಹತ್ರ ನಿಲ್ಲೋನಿಗೆ ನಮ್ಮ ಐಎಸ್ 2925 ಗುರುತಿನ ಸಾದಾ ಹೆಲ್ಮೆಟ್ ಸಾಕು, ನೀರಿಗೆ ಇಎನ್ 1385. ಬೈಕ್ ಹೆಲ್ಮೆಟ್ ಹಾಕ್ಕೊಂಡು ಬರೆ ಕೆಳಗೆ ನಿಲ್ಲಬೇಡಿ, ಮೇಲಿಂದ ಕಲ್ಲು ಉರುಳೋ ಸದ್ದೇ ಕೇಳಲ್ಲ.

ಬೂಟು. ಇಲ್ಲಿ ಮತ್ತೆ ತಂಡಿ ಕಥೆ. ಸುಮಾರು ಟ್ಯಾಕ್ಟಿಕಲ್ ಬೂಟು, ಸೇಫ್ಟಿ ಶೂಗಳ ಅಟ್ಟೆ ಪಿಯು, ಪಾಲಿಯುರೆಥೇನ್. ಗಾಳಿಯಲ್ಲಿರೋ ತೇವ ಅದರ ಕೊಂಡಿಗಳನ್ನ ಒಡೀತಾ ಹೋಗುತ್ತೆ, ಹಾಕದೇ ಡಬ್ಬಿಯಲ್ಲಿ ಇಟ್ರೂ ಬಿಡಲ್ಲ, ಹಾಕದೇ ಇಟ್ರೇ ಇನ್ನೂ ಬೇಗ ಅಂತಾರೆ. ಡಬ್ಬಿ ತೆಗೆದ್ರೆ ಮೇಲ್ಗಡೆ ಹೊಚ್ಚ ಹೊಸ ಬೂಟು, ಹಿಮ್ಮಡಿಗೆ ಉಗುರು ಒತ್ತಿದ್ರೆ ಹಳೇ ರಸ್ಕಿನ ಹಾಗೆ ಪುಡಿ ಉದುರುತ್ತೆ. ಅದಕ್ಕೇ 'ಸ್ಟಾಕ್ ಕ್ಲಿಯರೆನ್ಸ್' ಬೂಟಿನ ಹತ್ರ ಹೋಗಬೇಡಿ, ಅಟ್ಟೆ ಕೆಳಗೆ ಬಾಣದ ಗುರುತಿರೋ ಸಣ್ಣ ವೃತ್ತದಲ್ಲಿ ತಯಾರಾದ ತಿಂಗಳು ವರ್ಷ ಅಚ್ಚಾಗಿರುತ್ತೆ, ಅದನ್ನ ನೋಡಿ. ಸಾಧ್ಯ ಆದ್ರೆ ರಬ್ಬರ್ ಅಟ್ಟೆದು ತಗೊಳ್ಳಿ, ಐಎಸ್ 15298 ಗುರುತು ಇರೋದು. ಗಮ್ ಬೂಟ್ ತೋಟಕ್ಕೆ ಚೆನ್ನಾಗಿದೆ, ಜಿಗಣೆಗೂ ಹಾವಿಗೂ, ಹೊಳೆಗೆ ಮಾತ್ರ ಬೇಡ, ಒಳಗೆ ನೀರು ತುಂಬಿದ್ರೆ ಕಾಲೇ ಏಳಲ್ಲ.

ಹಗ್ಗ ತಗೊಂಡ್ರೆ ಇಎನ್ 1891 ಟೈಪ್ ಎ, ಮಾರ್ಕೆಟ್ಟಿನ ಹಸು ಕಟ್ಟೋ ನೈಲಾನ್ ಅಲ್ಲ. ನೈಲಾನ್ ಒದ್ದೆ ಆದಾಗ ಬಲ ಸ್ವಲ್ಪ ಕಮ್ಮಿ ಆಗುತ್ತೆ, ನೆರಳಲ್ಲಿ ಒಣಗಿಸಿದ್ರೆ ವಾಪಸ್ ಬರುತ್ತೆ. ವಾಪಸ್ ಬರದೇ ಇರೋದು ಆಸಿಡ್ ತಗುಲಿದ್ರೆ. ನಮ್ಮ ಮನೆಗಳಲ್ಲಿ ಮಳೆಗಾಲಕ್ಕೆ ಯುಪಿಎಸ್ ಇಲ್ಲದೆ ಆಗಲ್ಲ, ಅದರ ಬ್ಯಾಟರಿ ಇರೋದು ಸ್ಟೋರ್ ರೂಮಲ್ಲಿ, ಹಗ್ಗದ ಸುರುಳಿ ನೇತು ಹಾಕೋದೂ ಅದರ ಮೇಲೇನೇ. ಆ ಹಗ್ಗವನ್ನ ನೋಡಿದ್ರೆ ಏನೂ ಗೊತ್ತಾಗಲ್ಲ. ಇವತ್ತೇ ಎತ್ತಿ ಬೇರೆ ರೂಮಿಗೆ ಹಾಕಿ, ಚೈನ್ ಸಾ ಪೆಟ್ರೋಲ್ ಕ್ಯಾನನ್ನೂ ಅದರ ಹತ್ರ ಇಡಬೇಡಿ. ಕುಶಾಲನಗರ ಕಡೆ ನೆಂಟರ ಮನೆ ಇದ್ರೆ ಮಳೆಗಾಲ ಮುಗಿದ ಮೇಲೆ ಉಳಿದ ಸಾಮಾನೆಲ್ಲ ಅಲ್ಲಿ ಇಡಿ, ಮಾದಾಪುರಕ್ಕಿಂತ ಒಣ ಗಾಳಿ.

ಬೇಸಿಗೆಯಲ್ಲಿ ಕಾಡಿನ ಬೆಂಕಿಗೂ ಹೋಗ್ತೀವಿ ಅಂದಿದ್ದೀರಿ. ಹೊಳೆಯೋ ಪಾಲಿಯೆಸ್ಟರ್ 'ಕಾಂಬ್ಯಾಟ್ ಶರ್ಟ್' ಬೇಡ, ಬೆಂಕಿಗೆ ಕರಗಿ ಚರ್ಮಕ್ಕೆ ಅಂಟುತ್ತೆ, 2006ರಲ್ಲಿ ಅಮೆರಿಕದ ಮರೀನ್ಸೇ ಇರಾಕಲ್ಲಿ ಇಂಥ ಸಿಂಥೆಟಿಕ್ ಬನಿಯನ್ ಹಾಕ್ಕೊಂಡು ಕ್ಯಾಂಪಿಂದ ಹೊರಗೆ ಹೋಗಬಾರದು ಅಂತ ಆರ್ಡರ್ ಮಾಡಿದ್ರು. ದಪ್ಪ ಕಾಟನ್ ತುಂಬು ತೋಳು ಸಾಕು. ವಿದೇಶದ ಸೆಕೆಂಡ್ ಹ್ಯಾಂಡ್ ಫೈರ್ ಕೋಟು ಅಗ್ಗಕ್ಕೆ ಸಿಕ್ಕಿದ್ರೂ ಬಿಡಿ, ಅದು ಕಟ್ಟಡದ ಬೆಂಕಿಗೆ, ಬ್ರಹ್ಮಗಿರಿ ಏರೋವಾಗ ಅದರೊಳಗೇ ಬೇಯ್ತೀರಿ. ಜೊತೆಗೆ ಅದರ ನೀರು ತಡೆಯೋ ಪದರದಲ್ಲಿ ಎಷ್ಟು ವರ್ಷ ಆದ್ರೂ ಕರಗದ ಪಿಎಫ್‌ಎಎಸ್ ಕೆಮಿಕಲ್ ಇರುತ್ತೆ ಅಂತ ಅಮೆರಿಕದ ಫೈರ್‌ಮನ್‌ಗಳ ಯೂನಿಯನ್ 2023ರಲ್ಲಿ ಕೋರ್ಟಿಗೇ ಹೋಯ್ತು, ಮಸಾಚುಸೆಟ್ಸ್ ರಾಜ್ಯ 2027ರಿಂದ ಅಂಥ ಕೋಟು ಮಾರೋ ಹಾಗಿಲ್ಲ ಅಂತ ಕಾನೂನು ಮಾಡಿದೆ. ಅವ್ರು ಬಿಸಾಕಿದ್ದು ನಮಗೆ ಯಾಕೆ.

ಕೊನೆಗೆ ಯೂನಿಫಾರ್ಮ್. ಕ್ಯಾಮೊಫ್ಲಾಜ್ ಬೇಡವೇ ಬೇಡ, ಹೊಸ ಆರ್ಮಿ ಪ್ಯಾಟರ್ನ್ ಅಂತೂ ಮುಟ್ಟಲೇಬೇಡಿ. 2022ರ ಜನವರಿಯಲ್ಲಿ ಆರ್ಮಿ ಡೇ ಪರೇಡಲ್ಲಿ ತೋರಿಸಿದ ಆ ಡಿಸೈನನ್ನ ಆರ್ಮಿ ತನ್ನ ಹೆಸರಿಗೆ ರಿಜಿಸ್ಟರ್ ಮಾಡಿಸ್ಕೊಂಡಿದೆ, ಹೊರಗೆ ಅಂಗಡಿಯಲ್ಲಿ ಮಾರೋದೇ ತಪ್ಪು. ಕಾನೂನು ಪಕ್ಕಕ್ಕಿಡಿ, ನಮ್ಮ ಜಿಲ್ಲೆಯಲ್ಲಿ ಮನೆಮನೆಗೂ ಕೋವಿ ಇದೆ, ರಾತ್ರಿ ತೋಟದೊಳಗೆ ಹಂದಿ ಅಂದ್ಕೊಂಡು ಯಾರಾದ್ರೂ ಹೊಡೆದ್ರೆ ಏನು ಮಾಡ್ತೀರಿ. ಐಎಸ್ 15809 ಗುರುತಿನ ಫ್ಲೋರೊಸೆಂಟ್ ಕಿತ್ತಳೆ ಜಾಕೆಟ್ ತಗೊಳ್ಳಿ, ಬೆನ್ನ ಮೇಲೆ ಕನ್ನಡದಲ್ಲಿ ದಪ್ಪಗೆ ತಂಡದ ಹೆಸರು ಹಾಕ್ಸಿ, ಪ್ರಿಂಟು ಮಾತ್ರ ರಿಫ್ಲೆಕ್ಟಿವ್ ಪಟ್ಟಿ ಮೇಲೆ ಬರದ ಹಾಗೆ ಹೇಳಿ. ಎಷ್ಟು ಸಲ ಒಗೀಬಹುದು ಅಂತ ಲೇಬಲಲ್ಲೇ ಬರೆದಿರುತ್ತೆ, ಮಾದಾಪುರದ ಕೆಸರಿಗೆ ಅದು ಒಂದು ಮಳೆಗಾಲಕ್ಕೇ ಮುಗಿಯುತ್ತೆ, ಮುಂದಿನ ವರ್ಷಕ್ಕೂ ಸೇರಿಸಿ ಆರ್ಡರ್ ಹಾಕಿ.