ಪುಸ್ತಕದ ಲಕ್ಷಣಗಳೆಲ್ಲ ತನ್ನಲ್ಲೇ ಇವೆ ಎಂದ ವಿದ್ಯಾರ್ಥಿನಿ

(ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದೆ. ಬರೆಯಲು ಆಕೆಯ ಒಪ್ಪಿಗೆ ಇದೆ.)

ಮಂಡ್ಯ ಜಿಲ್ಲೆಯ ಹಳ್ಳಿಯಿಂದ ದಿನವೂ ರೈಲು ಹತ್ತಿ ಮೈಸೂರಿಗೆ ಬಂದು ಬಿ.ಎ. ಓದುವ ಹುಡುಗಿ. ಮನೋವಿಜ್ಞಾನ ಮೇಜರ್, ನಾಲ್ಕನೇ ಸೆಮಿಸ್ಟರ್. ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮಾಧ್ಯಮ. ಆಪ್ತಸಲಹೆಗೆ ಬಂದು ಕೂತ ತಕ್ಷಣ ಹೇಳಿದ್ದು: "ನಂಗೆ ಎಡಿಎಚ್‌ಡಿ ಇದೆ, ಡಿಪ್ರೆಶನ್ನೂ ಇದೆ. ಟೆಸ್ಟ್ ಮಾಡ್ಕೊಂಡಿದೀನಿ." (ಎಡಿಎಚ್‌ಡಿ ಎಂದರೆ ಗಮನ ನಿಲ್ಲದ, ಚಡಪಡಿಕೆಯ ತೊಂದರೆ.) ಮೊಬೈಲಿನಲ್ಲಿ ತುಂಬಿದ, ಖಿನ್ನತೆಯ ಲಕ್ಷಣ ಅಳೆಯುವ ಪಿಎಚ್‌ಕ್ಯೂ-9 ಪ್ರಶ್ನಾವಳಿಯಲ್ಲಿ 15 ಅಂಕ ಬಂದಿತ್ತು. ಸಂಖ್ಯಾಶಾಸ್ತ್ರದ ಇಂಟರ್ನಲ್ಸ್‌ನಲ್ಲಿ 20ಕ್ಕೆ 6. ಒಂದೇ ಪುಟವನ್ನು ಮೂರು ಸಲ ಓದಿದರೂ ತಲೆಗೆ ಹತ್ತುತ್ತಿಲ್ಲ ಎಂಬ ಅಳಲು.

ಮನೋರೋಗಗಳನ್ನು ಓದುವ ಅಸಹಜ ಮನೋವಿಜ್ಞಾನದ ಪಾಠ ಶುರುವಾದ ಮೇಲೆ ಹೀಗೆ ಬರುವವರು ಇದ್ದೇ ಇರುತ್ತಾರೆ. ವೈದ್ಯಕೀಯ ಓದುವವರಿಗೂ ಓದಿದ ರೋಗವೆಲ್ಲ ತಮಗೇ ಬಂದಂತೆ ಕಾಣುವುದುಂಟು. ಆದರೆ "ಎಲ್ರಿಗೂ ಹಂಗೇ ಅನ್ಸುತ್ತೆ, ಬಿಡಮ್ಮ" ಎಂದು ಕಳಿಸಿಬಿಡುವುದು ದೊಡ್ಡ ತಪ್ಪು. ನಿಜವಾಗಿ ಖಿನ್ನತೆ ಇರುವವರೂ ಅದೇ ಬೆಂಚಿನಲ್ಲಿ ಕೂತಿರುತ್ತಾರೆ. ಅದಕ್ಕೇ ಮೊದಲ ಭೇಟಿಯಲ್ಲೇ ಸಾಯುವ ಯೋಚನೆ ಬರುತ್ತದೆಯೇ ಎಂದು ನೇರವಾಗಿ ಕೇಳಿದ್ದಾಯಿತು. ಇಲ್ಲವೆಂದಳು. ಇದನ್ನೇ ಕೇಳುವ ಫಾರ್ಮಿನ ಒಂಬತ್ತನೇ ಪ್ರಶ್ನೆಗೂ ಸೊನ್ನೆಯೇ ಇತ್ತು.

ಆ 15 ಅಂಕ ಎಲ್ಲಿಂದ ಬಂತು ಎಂದು ಪ್ರಶ್ನೆ ಪ್ರಶ್ನೆಯಾಗಿ ಬಿಡಿಸಿ ನೋಡಲಾಯಿತು. ಪಿಎಚ್‌ಕ್ಯೂ-9ರಲ್ಲಿ ಒಂಬತ್ತು ಪ್ರಶ್ನೆ, ಪ್ರತಿಯೊಂದಕ್ಕೂ 0ರಿಂದ 3, ಒಟ್ಟು 27. ಅದು ಕೇಳುವುದು ಕಳೆದ ಎರಡು ವಾರದ ಮಾತನ್ನು ಮಾತ್ರ. ಈಕೆ ಪಿಯುಸಿಯ ದಿನಗಳನ್ನೂ ಸೇರಿಸಿ ತುಂಬಿದ್ದಳು. ನಿದ್ದೆ, ಸುಸ್ತು, ಏಕಾಗ್ರತೆ, ಈ ಮೂರರಲ್ಲೇ 9 ಅಂಕ. 10 ಅಥವಾ ಹೆಚ್ಚು ಬಂದರೆ ಮುಂದೆ ಪರೀಕ್ಷಿಸಬೇಕು ಎಂದು ಮಾತ್ರ ಅರ್ಥ, ಕಾಯಿಲೆ ಇದೆ ಎಂದಲ್ಲ. ಮನೋರೋಗಗಳ ಲಕ್ಷಣಗಳನ್ನು ಪಟ್ಟಿ ಮಾಡುವ ಕೈಪಿಡಿ ಡಿಎಸ್‌ಎಂ-5ರ ಪ್ರಕಾರ ಖಿನ್ನತೆ ಎನ್ನಲು ಒಂಬತ್ತರಲ್ಲಿ ಐದು ಲಕ್ಷಣ ಎರಡು ವಾರ ಇರಬೇಕು. ಬೇಸರ ಅಥವಾ ನಿರಾಸಕ್ತಿ ಅದರಲ್ಲಿ ಒಂದಾಗಿರಲೇಬೇಕು, ತೀವ್ರ ಸಂಕಟವಾಗಿರಬೇಕು ಇಲ್ಲವೇ ಬದುಕಿನ ಕೆಲಸ ಕೆಟ್ಟಿರಬೇಕು.

ಆಮೇಲೆ ನಿದ್ದೆಯ ದಿನಚರಿ. ಮಲಗಿದ ಹೊತ್ತು, ಎದ್ದ ಹೊತ್ತು, ಆ ದಿನ ಮನೆಯಲ್ಲಿ ಏನು ಕೆಲಸ, ದಿನಕ್ಕೆ ಮೂರೇ ಕಲಮು, ನಾಲ್ಕು ವಾರ. ಮನೆಯವರದು ರೇಷ್ಮೆ. ಚಾಕಿ ಮರಿ (ಎಳೆಯ ಹುಳು) ತಂದು, ಎರಡನೇ ಜ್ವರದಿಂದ ಮೇಯಿಸುತ್ತಾರೆ. ಜ್ವರ ಎಂದರೆ ಹುಳು ಪೊರೆ ಬಿಡುವ ಹಂತ. ನಾಲ್ಕನೇ ಜ್ವರ ಎದ್ದ ಮೇಲಿನ ಒಂದು ವಾರ ಹುಳು ಸೊಪ್ಪು ತಿನ್ನುವುದೇ ತಿನ್ನುವುದು. ರಾತ್ರಿ 11ರ ಸೊಪ್ಪು ಈಕೆಯದು, ಬೆಳಗಿನ 4.30ರದೂ ಈಕೆಯದು, ಆಮೇಲೆ ರೈಲು. ದಿನಚರಿಯಲ್ಲಿ ಆ ಏಳು ದಿನ ನಾಲ್ಕು ಗಂಟೆ ನಿದ್ದೆ. ಹುಳು ಗೂಡು ಕಟ್ಟಲು ಚಂದ್ರಿಕೆಗೆ ಹೋದ ಮೂರನೇ ದಿನದಿಂದ ಏಳು ಗಂಟೆ. ಮೊದಲ ಭೇಟಿಯೂ ಮೊಬೈಲಿನ ಟೆಸ್ಟೂ ಹಿಂದಿನ ಬೆಳೆಯ ಅದೇ ವಾರದವು. ಇದನ್ನು ಆಕೆಗೆ ಯಾರೂ ಹೇಳಲಿಲ್ಲ. ಹಾಳೆ ಮುಂದಿಟ್ಟಾಗ ತಾನೇ ಬೆರಳಿಟ್ಟು ತೋರಿಸಿದಳು. ಮೂರನೇ ಭೇಟಿಯಲ್ಲಿ, ಕಳೆದ ಎರಡು ವಾರವನ್ನಷ್ಟೇ ನೆನೆದು ತುಂಬಿದ ಫಾರ್ಮಿನಲ್ಲಿ 7 ಅಂಕ.

ಎಡಿಎಚ್‌ಡಿಯ ಪ್ರಶ್ನೆಗೂ ಇದೇ ದಾರಿ. 12 ವರ್ಷಕ್ಕೆ ಮೊದಲೇ ಲಕ್ಷಣಗಳಿದ್ದವೇ, ಮನೆ ಮತ್ತು ಶಾಲೆ ಎರಡೂ ಕಡೆ ಕಂಡವೇ ಎಂದು ಕೇಳಬೇಕು. ಹಳೆಯ ಮಾರ್ಕ್ಸ್ ಕಾರ್ಡು, ತಾಯಿಯ ನೆನಪು ಎರಡರಲ್ಲೂ ಅಂಥದ್ದೇನೂ ಸಿಗಲಿಲ್ಲ. ಬೆಳೆ ಇಲ್ಲದ ದಿನಗಳಲ್ಲಿ ಒಂದೂವರೆ ಗಂಟೆ ಅಲುಗದೆ ಓದುತ್ತಾಳೆ.

ಸಲಹೆ ಕೊಡುವಾಗ "ಮನೆಗೆಲಸ ಬಿಡು" ಎನ್ನಲಿಲ್ಲ. ಆ ಬೆಳೆಯ ದುಡ್ಡಿನಲ್ಲೇ ಆಕೆಯ ಫೀಸು. ಆಕೆ ಒಪ್ಪಿದ ಮೇಲೆ ತಂದೆಯನ್ನು ಒಂದು ಭೇಟಿಗೆ ಕರೆಸಿ ದಿನಚರಿ ತೋರಿಸಲಾಯಿತು. ಆ ಒಂದು ವಾರ ರಾತ್ರಿ ಸೊಪ್ಪನ್ನು ಆಕೆಯ ತಮ್ಮ ಹಾಕುವುದೆಂದು ನಿಂತಿತು. ಆ ವಾರ ಹೊಸ ಪಾಠ ಮುಟ್ಟದೆ ಪ್ರಾಕ್ಟಿಕಲ್ ರೆಕಾರ್ಡ್ ಬರೆಯುವುದು, ರೈಲಿನಲ್ಲಿ ಇಂಗ್ಲಿಷ್ ಪದಗಳ ಅರ್ಥ ಬರೆದಿಟ್ಟ ಪುಸ್ತಕ ತಿರುವುವುದು, ಅಷ್ಟೇ.

ಸಂಖ್ಯಾಶಾಸ್ತ್ರದ ಭಯ ಬೇರೆ ಥರದ್ದು. ಅಂಕಿಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂದು ಹೇಳುವ ಮಾನಕ ವಿಚಲನೆಯ ಸೂತ್ರ ಬಾಯಿಪಾಠ, ಲೆಕ್ಕ ಮಾತ್ರ ತಪ್ಪು. ಐದು ದಿನ ರೈಲು ತೆಗೆದುಕೊಂಡ ನಿಮಿಷಗಳನ್ನೇ ಬರೆಸಲಾಯಿತು: 50, 55, 60, 65, 70. ಸರಾಸರಿ 60. ವ್ಯತ್ಯಾಸಗಳನ್ನು ಹಾಗೇ ಕೂಡಿದರೆ ಸೊನ್ನೆ. ಆಕೆ ಪ್ರತಿಸಲ ಮುಗ್ಗರಿಸುತ್ತಿದ್ದುದು ಇಲ್ಲೇ. ವರ್ಗ ಮಾಡಿದರೆ 100, 25, 0, 25, 100, ಮೊತ್ತ 250. 5ರಿಂದ ಭಾಗಿಸಿ ವರ್ಗಮೂಲ ತೆಗೆದರೆ 7.07, 4ರಿಂದ ಭಾಗಿಸಿದರೆ 7.91. ಮೊದಲನೆಯದು ಇಡೀ ಗುಂಪಿನದು, ಎರಡನೆಯದು ಗುಂಪಿನಿಂದ ಆರಿಸಿದ ಮಾದರಿಯದು. ಪ್ರಶ್ನೆ ಯಾವುದನ್ನು ಕೇಳಿದೆ ಎಂದು ನೋಡದೆ ಪೆನ್ನು ಎತ್ತಬಾರದು. "ಸೈಕಾಲಜಿಯಲ್ಲಿ ಲೆಕ್ಕ ಯಾಕೆ?" ಎಂದು ಕೇಳುವವರಿಗೆ ಮೈಸೂರಿನಲ್ಲೇ ಉತ್ತರ ಇದೆ. 1924ರಲ್ಲಿ ಇಲ್ಲಿ ಮನೋವಿಜ್ಞಾನ ವಿಭಾಗ ಆರಂಭಿಸಿದ ಎಂ.ವಿ. ಗೋಪಾಲಸ್ವಾಮಿ ಲಂಡನ್ನಿನಲ್ಲಿ ಸ್ಪಿಯರ್‌ಮನ್ ಬಳಿ ಕಲಿತವರು. ಈಕೆ ಹೆದರುವ ಶ್ರೇಣಿ ಸಹಸಂಬಂಧದ (ಎರಡು ಕ್ರಮಾಂಕಗಳ ಪಟ್ಟಿ ಎಷ್ಟು ಹೊಂದುತ್ತವೆ ಎಂದು ಅಳೆಯುವ) ಸೂತ್ರ ಅದೇ ಸ್ಪಿಯರ್‌ಮನ್‌ರದು.

ರೆಕಾರ್ಡಿನಲ್ಲಿ ಇನ್ನೊಂದು ತೊಂದರೆ ಕಂಡಿತು. ತುದಿಯ ಬಾಣದ ಗುರುತಿನಿಂದ ಸಮನಾದ ಗೆರೆಗಳು ಉದ್ದ-ಗಿಡ್ಡ ಕಾಣುವ ಮ್ಯೂಲರ್-ಲಯರ್ ಭ್ರಮೆಯ ಪ್ರಯೋಗದಲ್ಲಿ ಗೆಳತಿಯ ಅಳತೆಗಳು ಪುಸ್ತಕದಂತೆ ಬರಲಿಲ್ಲವೆಂದು ಆಕೆ ಅಂಕಿಗಳನ್ನು ತಿದ್ದಿದ್ದಳು. ಬಂದದ್ದನ್ನೇ ಬರೆದು, ಹಾಗೇಕೆ ಬಂತೆಂದು ಚರ್ಚೆಯಲ್ಲಿ ಹೇಳಬೇಕು. ಗೆಳತಿಗೆ ಭ್ರಮೆಯ ಗುಟ್ಟು ಮೊದಲೇ ಗೊತ್ತಿತ್ತು. ಗೆರೆಯನ್ನು ಹೊರಗೆಳೆಯುವ, ಒಳತಳ್ಳುವ ಸರದಿಗಳು ಸಮವಾಗಿರಲಿಲ್ಲ. ಈ ಎರಡು ವಾಕ್ಯ ತಿದ್ದಿದ ಅಂಕಿಗಿಂತ ಹೆಚ್ಚು ಬೆಲೆಯವು.

ಪದಗಳ ಪುಸ್ತಕಕ್ಕೆ ಮೂರು ಕಲಮು: ಇಂಗ್ಲಿಷ್ ಪದ, ಕನ್ನಡದ ಅರ್ಥ, ಮನೆಯ ಉದಾಹರಣೆ. ನೆಗೆಟಿವ್ ರೀಇನ್‌ಫೋರ್ಸ್‌ಮೆಂಟನ್ನು ಆಕೆ ಶಿಕ್ಷೆ ಎಂದು ಬರೆದಿದ್ದಳು. ಮಗು ಅತ್ತರೆ ತಾಯಿ ಮೊಬೈಲ್ ಕೊಡುತ್ತಾಳೆ, ಅಳು ನಿಲ್ಲುತ್ತದೆ. ಕಿರಿಕಿರಿ ಹೋದದ್ದರಿಂದ ಮುಂದಿನ ಸಲವೂ ಕೊಡುತ್ತಾಳೆ. ತಾಯಿಗೆ ಆದದ್ದು ನೆಗೆಟಿವ್ ರೀಇನ್‌ಫೋರ್ಸ್‌ಮೆಂಟ್. ಶಿಕ್ಷೆಯು ಒಂದು ವರ್ತನೆಯನ್ನು ತಗ್ಗಿಸುತ್ತದೆ, ಇದು ಹೆಚ್ಚಿಸುತ್ತದೆ.

ತಂದೆ ಕೇಳಿದ್ದು ಒಂದೇ: "ಇದನ್ನ ಓದಿ ಏನಾಯ್ತಾಳೆ?" ಬರೀ ಬಿ.ಎ.ಯಿಂದ ಆಪ್ತಸಲಹೆಗಾರ್ತಿ ಆಗುವುದಿಲ್ಲ. ಎರಡು ವರ್ಷದ ಎಂ.ಎ. ಅಥವಾ ಎಂ.ಎಸ್ಸಿ. ಬೇಕು. ಕ್ಲಿನಿಕಲ್ ಸೈಕಾಲಜಿಸ್ಟ್ ಎಂದು ಬೋರ್ಡು ಹಾಕಲು ಭಾರತೀಯ ಪುನರ್ವಸತಿ ಪರಿಷತ್ತು ಒಪ್ಪಿದ ಕೋರ್ಸು ಮುಗಿಸಿ ನೋಂದಣಿ ಮಾಡಿಸಬೇಕು. ಈಗಲೇ ಊರಿನ ಗೆಳತಿಯರು "ನೀನು ಸೈಕಾಲಜಿ ಅಲ್ವಾ" ಎಂದು ರಾತ್ರಿ ಫೋನ್ ಮಾಡಿ ಅಳುತ್ತಾರಂತೆ. ಕೇಳಿಸಿಕೊಳ್ಳಲಿ, ರೋಗದ ಹೆಸರು ಹೇಳದಿರಲಿ. ಸಾಯುವ ಮಾತು ಬಂದರೆ ಗುಟ್ಟು ಕಾಯುವ ಮಾತು ಕೊಡದೆ, ಒಂಟಿ ಬಿಡದಂತೆ ಮನೆಯವರಿಗೆ ತಿಳಿಸಿ, 14416ಕ್ಕೆ ಕರೆ ಮಾಡಿಸಲಿ. ಅದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್, ಕನ್ನಡದಲ್ಲೇ ಮಾತಾಡುತ್ತಾರೆ.

ಮುಂದಿನ ಬೆಳೆಯ ಹುಳು ಚಂದ್ರಿಕೆ ಹತ್ತಿ ಎರಡು ವಾರ ಕಳೆದ ಮೇಲೆ ಆಕೆ ಫಾರ್ಮನ್ನು ಮತ್ತೆ ತುಂಬುತ್ತಾಳೆ. ನಿದ್ದೆ ಸರಿಯಾದ ಮೇಲೂ ಅಂಕ 10 ಅಥವಾ ಹೆಚ್ಚಿದ್ದರೆ ಕೆ.ಆರ್. ಆಸ್ಪತ್ರೆಯ ಮನೋವೈದ್ಯ ವಿಭಾಗಕ್ಕೆ ಪತ್ರ ಕೊಡುವುದೆಂದು ಈಗಲೇ ಮಾತಾಗಿದೆ.