ಮಂತ್ರಿಗಳ ಖರ್ಚಿನ ಪಟ್ಟಿಯನ್ನು ಸಂಸತ್ತಿನ ಸಮಿತಿ ನಿಜಕ್ಕೂ ಪ್ರಶ್ನಿಸುತ್ತದೆಯೇ?

ನೀವು ಕೇಳಿದ್ದು ಎರಡು ಸಂಗತಿ. ಬಜೆಟ್ ಪರಿಶೀಲಿಸುವ ಸಂಸದೀಯ ಸಮಿತಿಯ ಮುಂದೆ ಮಂತ್ರಿ ಬಂದು ಉತ್ತರ ಕೊಡುತ್ತಾರಾ? ಸಮಿತಿ ಬೇಡ ಎಂದರೆ ಆ ಖರ್ಚು ನಿಲ್ಲುತ್ತದಾ? ನಮ್ಮ ದೇಶದ ಮಟ್ಟಿಗೆ ಎರಡಕ್ಕೂ ಉತ್ತರ ‘ಇಲ್ಲ’. ಹಾಗಂತ ಇದೆಲ್ಲ ಬರೀ ಶಾಸ್ತ್ರಕ್ಕೆ ನಡೆಯುವುದು ಎಂದು ಬದಿಗಿಡಬೇಡಿ. ಈ ವರದಿಗಳನ್ನು ಓದುವ ಚಟ ನನಗೆ ಬಹಳ ಕಾಲದಿಂದ ಇದೆ. ಸರ್ಕಾರದ ಒಳಗಿನ ಲೆಕ್ಕ, ಸರ್ಕಾರದವರ ಬಾಯಿಂದಲೇ, ಇಷ್ಟು ನೇರವಾಗಿ ಸಿಗುವ ಇನ್ನೊಂದು ಜಾಗ ನಾನು ಕಂಡಿಲ್ಲ.

ವ್ಯವಸ್ಥೆಯನ್ನು ಚುಟುಕಾಗಿ ಹೇಳುತ್ತೇನೆ. ಇಲಾಖಾವಾರು ಸ್ಥಾಯಿ ಸಮಿತಿಗಳು ಶುರುವಾದದ್ದು 1993ರಲ್ಲಿ. ಆಗ 17 ಇದ್ದವು, 2004ರಿಂದ 24. ಪ್ರತಿಯೊಂದರಲ್ಲೂ 31 ಸದಸ್ಯರು: ಲೋಕಸಭೆಯ 21, ರಾಜ್ಯಸಭೆಯ 10. ಮಂತ್ರಿಯಾದವರು ಸದಸ್ಯರಾಗುವಂತಿಲ್ಲ. ಬಜೆಟ್ ಮೇಲಿನ ಸಾಮಾನ್ಯ ಚರ್ಚೆ ಮುಗಿದ ಮೇಲೆ ಸದನಕ್ಕೆ ಕೆಲವು ವಾರ ಬಿಡುವು ಇರುತ್ತದಲ್ಲ, ಜನ ಅದನ್ನು ಸಂಸದರ ರಜೆ ಎಂದುಕೊಳ್ಳುತ್ತಾರೆ. ಬಿಡುವು ಕೊಡುವುದೇ ಈ ಸಮಿತಿಗಳು ಕೂತು ಒಂದೊಂದು ಸಚಿವಾಲಯದ ಅನುದಾನ ಬೇಡಿಕೆಗಳನ್ನು, ಅಂದರೆ ವರ್ಷದ ಖರ್ಚಿಗೆ ಅದು ಸದನದಿಂದ ಕೇಳುವ ಹಣದ ಪಟ್ಟಿಯನ್ನು, ನೋಡಲಿ ಎಂದು.

ಕೋಣೆಯೊಳಗೆ ಬರುವುದು ಮಂತ್ರಿಯಲ್ಲ, ಇಲಾಖೆಯ ಕಾರ್ಯದರ್ಶಿ ಮತ್ತು ಅವರ ಹಿಂದೆ ಕಡತ ಹಿಡಿದ ಅಧಿಕಾರಿಗಳ ಸಾಲು. ಅದಕ್ಕೆ ಮೊದಲೇ ಸಮಿತಿ ಕಳಿಸಿದ ಪ್ರಶ್ನೆಗಳಿಗೆ ಇಲಾಖೆ ಲಿಖಿತ ಉತ್ತರ ಕೊಟ್ಟಿರಬೇಕು. ಕ್ಯಾಮೆರಾ ಇಲ್ಲ, ಪತ್ರಕರ್ತರೂ ಇಲ್ಲ. ಭಾಷಣ ಕೇಳುವವರೇ ಇಲ್ಲದ ಕಡೆ ಸಂಸದರು ಎಷ್ಟು ಚೆನ್ನಾಗಿ ಪ್ರಶ್ನೆ ಕೇಳುತ್ತಾರೆ ಎಂಬುದು ವರದಿ ಓದಿದರೆ ತಿಳಿಯುತ್ತದೆ. ಹಣಕಾಸು ಸಚಿವಾಲಯದಿಂದ ನೀವು ಕೇಳಿದ್ದೆಷ್ಟು, ಸಿಕ್ಕಿದ್ದೆಷ್ಟು? ವರ್ಷದ ನಡುವೆ ತಿದ್ದುವ ಪರಿಷ್ಕೃತ ಅಂದಾಜಿನಲ್ಲಿ ಅದು ಇಳಿದದ್ದು ಯಾಕೆ? ಒಂಬತ್ತು ತಿಂಗಳಲ್ಲಿ ಅರ್ಧವೂ ಖರ್ಚಾಗದ ಯೋಜನೆಗೆ ಈ ಸಲ ಇನ್ನೂ ಹೆಚ್ಚು ಬೇಕೆನ್ನುತ್ತೀರಲ್ಲ, ಯಾವ ಧೈರ್ಯದಲ್ಲಿ? ಕೊನೆಯ ಮೂರು ತಿಂಗಳಲ್ಲಿ ವರ್ಷದ ಹಣದ 33 ಶೇಕಡಾ, ಮಾರ್ಚ್ ಒಂದರಲ್ಲೇ 15 ಶೇಕಡಾ ಮೀರಬಾರದು ಎಂಬುದು ಹಣಕಾಸು ಸಚಿವಾಲಯವೇ ಹಾಕಿದ ಕಟ್ಟಳೆ. ಅದನ್ನು ಮುರಿದ ಇಲಾಖೆಗೆ ಇಲ್ಲಿ ಸುಲಭವಾಗಿ ಪ್ರಶ್ನೆಗಳಿಂದ ತಪ್ಪಿಸಿಕೊಳ್ಳಲಾಗುವುದಿಲ್ಲ.

ನನಗೆ ಈ ವಿಷಯದಲ್ಲಿ ಥಟ್ಟನೆ ನೆನಪಾಗುವುದು 2018ರ ಮಾರ್ಚ್‌ನ ರಕ್ಷಣಾ ಸಮಿತಿಯ ವರದಿ. ಸೇನೆಯ ಆಗಿನ ಉಪಮುಖ್ಯಸ್ಥ ಶರತ್ ಚಂದ್ ಸಮಿತಿಯ ಮುಂದೆ, ನಮ್ಮ ಸಲಕರಣೆಯಲ್ಲಿ 68 ಶೇಕಡಾ ಹಳೆಯ ಕಾಲದ್ದು ಎಂದು ಒಪ್ಪಿಕೊಂಡರು. ಆಧುನೀಕರಣಕ್ಕೆ ಆ ವರ್ಷ ಸಿಕ್ಕಿದ್ದು 21,338 ಕೋಟಿ ರೂಪಾಯಿ. ಆಗಲೇ ಮಾಡಿಕೊಂಡ ಒಪ್ಪಂದಗಳಿಗೆ ಕಟ್ಟಬೇಕಿದ್ದ ಬಾಕಿಯೇ 29,033 ಕೋಟಿ. ಅಂದರೆ ಹೊಸದೊಂದು ಬಂದೂಕು ಕೊಳ್ಳುವ ಮಾತು ಹಾಗಿರಲಿ, ಹಳೆಯ ಸಾಲಕ್ಕೇ ಸಾಲದು. ಸಮಿತಿಯ ಅಧ್ಯಕ್ಷರು ಬಿ.ಸಿ. ಖಂಡೂರಿ, ಆಡಳಿತ ಪಕ್ಷದವರೇ, ನಿವೃತ್ತ ಮೇಜರ್ ಜನರಲ್. ಇಷ್ಟಾದರೂ ಒಂದು ಅಕ್ಷರ ಮುಚ್ಚಿಡದೆ ವರದಿ ಸದನಕ್ಕೆ ಬಂತು. ಅದೇ ವರ್ಷ ಸಮಿತಿಗಳನ್ನು ಪುನರ್ರಚಿಸಿದಾಗ ಅವರ ಜಾಗಕ್ಕೆ ಕಲ್ರಾಜ್ ಮಿಶ್ರಾ ಬಂದರು. ಎರಡಕ್ಕೂ ನಾನು ಗಂಟು ಹಾಕುವುದಿಲ್ಲ, ನೀವು ಬೇಕಾದರೆ ಯೋಚಿಸಿ. ಸಮಿತಿಯ ಅವಧಿ ಬರೀ ಒಂದು ವರ್ಷ ಎಂಬುದು ಮಾತ್ರ ನಿಜಕ್ಕೂ ತೊಡಕು. ಒಂದು ಇಲಾಖೆಯ ಲೆಕ್ಕ ತಲೆಗೆ ಹತ್ತುವಷ್ಟರಲ್ಲಿ ಬೇರೆ ಸಮಿತಿಗೆ ಹೋಗಬೇಕಾಗಬಹುದು.

ಇನ್ನು ಖರ್ಚು ನಿಲ್ಲಿಸುವ ಮಾತು. ಕಡಿತ ನಿರ್ಣಯದ ಸ್ವರೂಪದ್ದೇನನ್ನೂ ಸಮಿತಿ ಸೂಚಿಸಬಾರದು ಎಂದು ಲೋಕಸಭೆಯ ನಿಯಮವೇ ಹೇಳುತ್ತದೆ. ವರದಿಗೆ ಇರುವುದು ಸಲಹೆಯ ಬೆಲೆ. ಕಡಿತ ಬೇಕಿದ್ದರೆ ಸದನದಲ್ಲೇ ನಿರ್ಣಯ ತರಬೇಕು: ಇಲಾಖೆಯ ನೀತಿಯೇ ಸರಿಯಿಲ್ಲ ಎನ್ನುವವರು ಬೇಡಿಕೆಯನ್ನು 1 ರೂಪಾಯಿಗೆ ಇಳಿಸಿ ಎನ್ನಬಹುದು, ಒಂದು ನಿರ್ದಿಷ್ಟ ಕುಂದುಕೊರತೆ ಎತ್ತಬೇಕಾದವರು 100 ರೂಪಾಯಿ ಕಡಿಮೆ ಮಾಡಿ ಎನ್ನಬಹುದು. ಅಂಥದ್ದು ಗೆದ್ದರೆ ಸರ್ಕಾರ ಬಹುಮತ ಕಳೆದುಕೊಂಡಂತೆ, ಆದ್ದರಿಂದ ಗೆಲ್ಲುವುದಿಲ್ಲ. ಬಡ್ಡಿ ಪಾವತಿಯಂಥ ಖರ್ಚಿಗೆ ಮತದಾನವೇ ಇಲ್ಲ, ಸಂವಿಧಾನದ 113ನೇ ವಿಧಿಯ ಪ್ರಕಾರ ಚರ್ಚೆ ಮಾಡಬಹುದು ಅಷ್ಟೆ.

ಅದಕ್ಕಿಂತ ಬೇಸರದ ಸಂಗತಿ ಗಿಲೊಟಿನ್. ಚರ್ಚೆಗೆ ಇಟ್ಟ ದಿನಗಳು ಮುಗಿದ ಕೂಡಲೇ ಉಳಿದ ಎಲ್ಲ ಬೇಡಿಕೆಗಳನ್ನೂ ಸ್ಪೀಕರ್ ಒಟ್ಟಿಗೆ ಮತಕ್ಕೆ ಹಾಕುತ್ತಾರೆ. 2018ರಲ್ಲೂ 2023ರಲ್ಲೂ ಲೋಕಸಭೆ ಒಂದೇ ಒಂದು ಸಚಿವಾಲಯದ ಬೇಡಿಕೆಯನ್ನೂ ಚರ್ಚಿಸದೆ ಇಡೀ ಬಜೆಟ್ ಒಪ್ಪಿತು. ಮೇಲೆ ಹೇಳಿದ ರಕ್ಷಣಾ ವರದಿ ಬಂದದ್ದೂ ಅದೇ 2018ರ ಮಾರ್ಚ್‌ನಲ್ಲಿ ಎಂಬುದನ್ನು ಗಮನಿಸಿ. 2024ರದ್ದು ಇನ್ನೊಂದು ಬಗೆ: ಚುನಾವಣೆಯ ನಂತರದ ಬಜೆಟ್ ಜುಲೈ 23ಕ್ಕೆ ಮಂಡನೆಯಾಗಿ ಆಗಸ್ಟ್‌ನಲ್ಲೇ ಅಂಗೀಕಾರವಾಯಿತು, ಸಮಿತಿಗಳು ರಚನೆಯಾದದ್ದು ಸೆಪ್ಟೆಂಬರ್ ಕೊನೆಗೆ. ಊಟ ಮುಗಿದ ಮೇಲೆ ಉಪ್ಪು ನೋಡಿದ ಹಾಗೆ ಪರಿಶೀಲನೆ ನಡೆಯಿತು.

ಮಂತ್ರಿ ಯಾಕೆ ಬರುವುದಿಲ್ಲ? ಅಂದಾಜು ಮತ್ತು ಲೆಕ್ಕಪತ್ರಗಳ ಪರಿಶೀಲನೆಗೆ ಮಂತ್ರಿಯನ್ನು ಕರೆಸಬಾರದು ಎಂದು ಸ್ಪೀಕರ್ ಅವರ ನಿರ್ದೇಶನವೇ ಇದೆ. ಮಂತ್ರಿ ಇಡೀ ಸದನಕ್ಕೆ ಹೊಣೆ, ಸಮಿತಿಗಲ್ಲ ಎಂಬುದು ಸಮರ್ಥನೆ. ಸದನ ಚರ್ಚಿಸುತ್ತಿದ್ದರೆ ನಾನೂ ಒಪ್ಪುತ್ತಿದ್ದೆ. ಹಣ ಸಾಲಲಿಲ್ಲ ಎಂದು ಕಾರ್ಯದರ್ಶಿ ಹೇಳಬಹುದು, ಆದರೆ ಇದಕ್ಕಿಂತ ಅದು ಮುಖ್ಯ ಎಂದು ತೀರ್ಮಾನಿಸಿದ್ದು ಯಾಕೆ ಎಂಬುದಕ್ಕೆ ಉತ್ತರ ಅವರ ಬಳಿ ಇಲ್ಲ, ಇರಬೇಕಾಗಿಯೂ ಇಲ್ಲ. ಆಸ್ಟ್ರೇಲಿಯಾದ ಸೆನೆಟ್‌ನಲ್ಲಿ 1970ರಿಂದ ಇಂಥ ವಿಚಾರಣೆ ನಡೆಯುತ್ತಿದೆ. ಮಂತ್ರಿ, ಅಧಿಕಾರಿಗಳು ಅಕ್ಕಪಕ್ಕ ಕೂತು ಎಲ್ಲರೆದುರೇ ಉತ್ತರಿಸುತ್ತಾರೆ. ಅಲ್ಲಿ ಕ್ಯಾಮೆರಾಕ್ಕಾಗಿ ನಾಟಕವೂ ನಡೆಯುತ್ತದೆ, ಸುಳ್ಳಲ್ಲ. ಕೇರಳ ವಿಧಾನಸಭೆಯದ್ದು ಇನ್ನೊಂದು ತುದಿ: ಇಲಾಖೆಯ ಬೇಡಿಕೆ ನೋಡುವ ‘ವಿಷಯ ಸಮಿತಿ’ಗೆ ಆ ಇಲಾಖೆಯ ಮಂತ್ರಿಯೇ ಅಧ್ಯಕ್ಷ! ಅಧಿಕಾರಿಗಳ ಸಾಕ್ಷ್ಯ ಮುಚ್ಚಿದ ಕೋಣೆಯಲ್ಲೇ ನಡೆಯಲಿ, ಅರ್ಧ ದಿನವಾದರೂ ಮಂತ್ರಿ ಬಂದು ಕೂರಲಿ ಎಂಬುದು ನನ್ನ ಅಭಿಪ್ರಾಯ.

ಹಾಗಾದರೆ ಓದಿ ಏನು ಲಾಭ ಅನ್ನುತ್ತೀರಾ? ಪ್ರತಿ ಶಿಫಾರಸಿಗೂ ಸರ್ಕಾರ ಮೂರು ತಿಂಗಳಲ್ಲಿ ಲಿಖಿತ ಉತ್ತರ ಕೊಡಬೇಕು. ಅದನ್ನು ತೂಗಿ ನೋಡಿ ಸಮಿತಿ ಇನ್ನೊಂದು ವರದಿ ಮಂಡಿಸುತ್ತದೆ, ಅದಕ್ಕೆ ‘ಕೈಗೊಂಡ ಕ್ರಮ’ದ ವರದಿ ಎನ್ನುತ್ತಾರೆ. ಎಲ್ಲವೂ ಸಂಸತ್ತಿನ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತವೆ. ನಿಮಗೆ ಆಸಕ್ತಿಯಿರುವ ಇಲಾಖೆಯ ‘ಕೈಗೊಂಡ ಕ್ರಮ’ದ ವರದಿ ತೆಗೆದು ಎರಡನೇ, ಮೂರನೇ ಅಧ್ಯಾಯ ದಾಟಿಬಿಡಿ. ಅವುಗಳಲ್ಲಿ ಸರ್ಕಾರ ಒಪ್ಪಿದ್ದು ಮತ್ತು ಸಮಿತಿ ಕೈಬಿಟ್ಟದ್ದು ಇರುತ್ತವೆ. ನೇರವಾಗಿ ನಾಲ್ಕನೆಯದಕ್ಕೆ ಹೋಗಿ: ಸರ್ಕಾರ ಕೊಟ್ಟ ಯಾವ ಉತ್ತರಗಳನ್ನು ಸಮಿತಿ ಒಪ್ಪಲಿಲ್ಲವೋ ಅವೆಲ್ಲ ಅಲ್ಲಿರುತ್ತವೆ.